ಬಾನೆಟ್ಟಿನ ಮೇಲಿನ ಅಂಗೈ

ಸೆರ್ರಾಲ್ತಾದ ಇಗರ್ಜಿಯಲ್ಲಿ ಭಾನುವಾರದ ಪೂಜೆ ಇನ್ನೂ ಮುಗಿದಿರಲಿಲ್ಲ. ಇಳಿಜಾರಿನ ಕೆಳಗಿನ ಹಳೇ ಕೊಟ್ಟಿಗೆಯಲ್ಲಿ ಒರೆಸ್ತೆ ಮಲಗೋಲಿ ಸತ್ತು ಬಿದ್ದಿದ್ದ. ಯಾರೋ ಅವನ ತಲೆಯ ಕೆಳಗೆ ಕೋಟು ಮಡಿಸಿ ಇಟ್ಟಿದ್ದರು. ಯಾರೆಂದು ಹುಡುಕಬೇಕಾಗಿರಲಿಲ್ಲ. ಇಟ್ಟವನು ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದ.

ಹ್ಯೂ ಪೆಂಡಲ್‌ಬರಿ. ಇಂಗ್ಲೆಂಡಿನವನು. ಹರೆಯದಲ್ಲಿ ಈ ಊರಿಗೆ ಬಂದು ಇಲ್ಲೇ ಮುದುಕನಾದವನು. ಕೊಕ್ಕರೆಯಂಥ ಉದ್ದ ಕಾಲುಗಳನ್ನು ಮಡಿಸಿಕೊಂಡು, ಕೈಯಲ್ಲೊಂದು ಒರೆಸುವ ಬಟ್ಟೆ ಹಿಡಿದು, ಗೆಳೆಯನ ಮುಖವನ್ನೇ ನೋಡುತ್ತಿದ್ದ.

ಠಾಣೆಯ ಅಧಿಕಾರಿ ಐರಿಸ್ ಗಿಡೋನಿ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಅವಳ ಹಿಂದೆ ಹವಾಲ್ದಾರ ತುಲ್ಲಿಯೊ ಏದುಸಿರು ಬಿಡುತ್ತಿದ್ದ.

"ಏನಾಯ್ತು ಹ್ಯೂ ಅವರೇ?"

"ನಾನೇ ಕೊಂದೆ ಮೇಡಂ."

"ಹೇಗೆ?"

"ಗೇರು ತಪ್ಪು ಹಾಕ್ದೆ."

ಕೊಟ್ಟಿಗೆಯಲ್ಲಿ ಎರಡು ಕಾರುಗಳಿದ್ದವು. ಎರಡೂ ಹಿಂಗೋಡೆಗೆ ಮೂತಿ ಮಾಡಿ ನಿಂತಿದ್ದವು. ಎರಡಕ್ಕೂ ಎರಡೆರಡೇ ಬಾಗಿಲು, ಉದ್ದನೆಯ ಮೂತಿ. ದೇಶದಿಂದ ದೇಶಕ್ಕೆ ಒಂದೇ ಉಸಿರಿಗೆ ಓಡಲೆಂದು ಹಿಂದಿನ ಕಾಲದಲ್ಲಿ ಕಟ್ಟಿದ ಕಾರುಗಳು. ಒರೆಸ್ತೆಯದು ಇಲ್ಲೇ ಮೊದೆನಾ ನಗರದ ಕಾರ್ಖಾನೆಯಲ್ಲಿ ಹುಟ್ಟಿದ್ದು, ಮಂಜು ಕವಿದ ಆಕಾಶದ ಬಣ್ಣ. ಊರವರು ಅದನ್ನು ರಾಣಿ ಎನ್ನುತ್ತಿದ್ದರು. ಹ್ಯೂನದು ಇಂಗ್ಲೆಂಡಿನದು, ಹಾಲು ಹಾಕದ ಚಹಾದ ಬಣ್ಣ. ಅದರ ಹೆಸರು ಪಾದ್ರಿ. ಯಾಕೆಂದರೆ ಅದು ದನಿ ಎತ್ತುತ್ತಿರಲಿಲ್ಲ. ಒಳಗೆಲ್ಲ ಮರ, ಚರ್ಮದ ವಾಸನೆ. ನಿಂತ ಕಡೆಯೆಲ್ಲ ಎರಡು ತೊಟ್ಟು ಎಣ್ಣೆಯ ತೀರ್ಥ ಬಿಟ್ಟು ಹೋಗುತ್ತಿತ್ತು. ಇಂಗ್ಲಿಷ್ ಕಾರಾದರೂ ಯುರೋಪಿನ ಬೇರೆ ದೇಶಗಳಲ್ಲಿ ಮಾರಲೆಂದು ಮಾಡಿದ್ದರಿಂದ ಸ್ಟೇರಿಂಗು ಎಡಕ್ಕಿತ್ತು. 'ಪಾದ್ರಿ ಅರ್ಧ ನಮ್ಮ ಮತಕ್ಕೆ ಸೇರಿಬಿಟ್ಟಿದಾನೆ' ಎಂದು ಒರೆಸ್ತೆ ಗೇಲಿ ಮಾಡುತ್ತಿದ್ದ.

ಹ್ಯೂ ತಡೆತಡೆದು ಹೇಳಿದ. "ರಾಣೀನ ಹಿಂದಕ್ಕೆ ತಗೊಂಡು ಹೊರಗೆ ಹಾಕು ಅಂದ. ಹತ್ತಿ ಕೂತೆ. ನನ್ನ ಕಾರಲ್ಲಿ ಗೇರು ಕೋಲನ್ನ ಎಡಕ್ಕೆ ತಳ್ಳಿ ಕೆಳಗೆಳೆದ್ರೆ ರಿವರ್ಸು. ಇವನ ಕಾರಲ್ಲಿ ಅದೇ ಜಾಗದಲ್ಲಿ ಫಸ್ಟ್ ಗೇರು. ಮರೆತುಬಿಟ್ಟೆ. ಕಾರು ಹಿಂದೆ ಹೋಗೋ ಬದಲು ಮುಂದಕ್ಕೆ ಹಾರ್ತು. ಅವನು ಮುಂದೆ ನಿಂತಿದ್ದ. ಅವನ ಹಿಂದೆ ಗೋಡೆ."

"ಆಮೇಲೆ?"

"ಕಾರನ್ನ ಹಿಂದಕ್ಕೆ ತಳ್ದೆ. ಪಕ್ಕಕ್ಕೆ ಕುಸಿದು ಬಿದ್ದ. ಅಷ್ಟೇ."

ತುಲ್ಲಿಯೊ ಕಿವಿಯಲ್ಲಿ ಪಿಸುಗುಟ್ಟಿದ. "ಅಲ್ಲಿಗೆ ಮುಗೀತಲ್ಲ ಮೇಡಂ? ಬರ್ಕೊಂಡು ಸಹಿ ಹಾಕಿಸ್ಕೊಳ್ಳೋಣ."

ಐರಿಸ್ ರಾಣಿಯ ಸುತ್ತ ಒಂದು ಸುತ್ತು ಬಂದಳು. ಬಾನೆಟ್ಟಿಗೆ ಅಂದು ಬೆಳಿಗ್ಗೆಯೇ ಮೇಣ ಹಚ್ಚಲಾಗಿತ್ತು. ಒರೆಸಿ ಹೊಳಪು ತಂದಿರಲಿಲ್ಲ. ಒಣಗಿದ ಮೇಣದ ಬಿಳಿ ಪೊರೆ ಹಾಗೇ ಕೂತಿತ್ತು. ಅದರ ಮೇಲೆ ಎರಡು ಅಂಗೈಗಳ ಗುರುತು ಅಚ್ಚೊತ್ತಿದಂತೆ ಮೂಡಿತ್ತು. ಬೆರಳು ಬೆರಳೂ ಸ್ಪಷ್ಟ. ಎಲ್ಲೂ ಒಂದಿಷ್ಟೂ ಜಾರಿರಲಿಲ್ಲ.

ಅವಳು ಒಳಗೆ ಇಣುಕಿದಳು. ಚಾಲಕನ ಸೀಟು ಪೂರ್ತಿ ಮುಂದಕ್ಕಿತ್ತು.

"ತುಲ್ಲಿಯೊ, ಇಷ್ಟುದ್ದ ಕಾಲಿನ ಮನುಷ್ಯ ಈ ಸೀಟಲ್ಲಿ ಕೂರ್ತಾನಾ?"

"ಒರೆಸ್ತೆ ಕುಳ್ಳ ಅಲ್ವಾ ಮೇಡಂ, ಅವನ ಅಳತೆಗೆ ಇಟ್ಟಿರ್ತಾನೆ. ನಾಲ್ಕು ಮಾರು ಹಿಂದಕ್ಕೆ ತಗೊಳ್ಳೋಕೆ ಯಾರು ಸೀಟು ಸರಿಸ್ತಾರೆ? ಮಂಡಿ ಗಲ್ಲಕ್ಕೆ ತಾಗಿಸ್ಕೊಂಡು ಕೂತಿರ್ತಾನೆ."

ಅದೂ ಸರಿಯೇ. ಐರಿಸ್ ಹ್ಯೂನ ಕಡೆ ತಿರುಗಿದಳು.

"ಹಿಂದಕ್ಕೆ ತೆಗೆಯೋ ಕಾರಿನ ಮುಂದೆ, ಗೋಡೆಗೂ ಕಾರಿಗೂ ಮಧ್ಯೆ, ಅವರು ಯಾಕೆ ನಿಂತಿದ್ರು?"

ಹ್ಯೂನ ಕಣ್ಣು ಬಾನೆಟ್ಟಿನ ಕಡೆ ಹೋಯಿತು. ತಕ್ಷಣ ಹಿಂದಿರುಗಿತು.

"ಗೊತ್ತಿಲ್ಲ," ಎಂದ.

* * *

ಒರೆಸ್ತೆಗೆ ಒಬ್ಬಳೇ ಮಗಳು, ಜೆಮ್ಮಾ. ಗಂಡ ಬಿಟ್ಟು ಹೋಗಿದ್ದ. ಬೀಚೆ ಎಂಬ ಪುಟ್ಟ ಮಗಳೊಂದಿಗೆ ಇಗರ್ಜಿಯ ಹಿಂದಿನ ಬೀದಿಯಲ್ಲಿದ್ದಳು. ಸ್ಕೂಟರಿನಲ್ಲಿ ಕೆಳಗಿನ ಪೇಟೆಗೆ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಸುದ್ದಿ ಹೇಳಲು ಐರಿಸ್ ಒಬ್ಬಳೇ ಹೋದಳು. ಇಂಥ ಮಾತನ್ನು ಇಬ್ಬರು ಹೋಗಿ ಹೇಳಬಾರದು ಎಂದು ಅವಳಿಗೆ ಗೊತ್ತಿತ್ತು.

ಜೆಮ್ಮಾ ಅಡುಗೆಮನೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಪ್ಪ ಹೋದರು ಎಂದಾಗ ಅಳಲಿಲ್ಲ. ತಲೆಯಾಡಿಸಿದಳು. ಐರಿಸ್ ಅವಳ ಕೈ ಹಿಡಿದುಕೊಂಡಳು. ಮಂಜುಗಡ್ಡೆಯಂಥ ಕೈ. ಉಗುರಿನ ಸಂದಿಯಲ್ಲಿ ಹಿಟ್ಟು.

"ಮಗು ಎಲ್ಲಿ?"

"ಪೂಜೆಗೆ ಹೋಗಿದ್ದಾಳೆ, ಪಕ್ಕದ ಮನೆಯವರ ಜೊತೆ."

"ನೀನು ಬೆಳಿಗ್ಗೆ ಎಲ್ಲಿದ್ದೆ ಜೆಮ್ಮಾ?"

"ಇಲ್ಲೇ. ಊಟಕ್ಕೆ ತೊರ್ತೆಲ್ಲಿನಿ ಮಾಡ್ತಿದ್ದೆ. ಅಪ್ಪ ಭಾನುವಾರ ಇಲ್ಲೇ ಊಟ ಮಾಡ್ತಾರಲ್ಲ..."

ಒಲೆಯ ಮೇಲೆ ಕೋಳಿಯ ಸಾರು ಬತ್ತಿ ತಳ ಹಿಡಿಯುತ್ತಿತ್ತು. ಐರಿಸ್ ಎದ್ದು ಒಲೆ ಆರಿಸಿದಳು. ಆಗ ಹಲಗೆಯ ಕಡೆ ಕಣ್ಣು ಹೋಯಿತು.

ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಅಗಲಕ್ಕೆ, ತೆಳ್ಳಗೆ ಲಟ್ಟಿಸಲಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಚೌಕ ಚೌಕ ಕತ್ತರಿಸಿ, ಮಾಂಸದ ಹೂರಣವಿಟ್ಟು ಪುಟ್ಟ ಕಡುಬಿನಂತೆ ಮಡಿಸಿದ ತೊರ್ತೆಲ್ಲಿನಿಯ ಒಂದು ಸಾಲು. ಆಮೇಲೆ ಏನೂ ಇಲ್ಲ. ಉಳಿದ ಹಾಳೆ ಹಪ್ಪಳದ ಹಾಗೆ ಒಣಗಿ ಅಂಚು ಮುರುಟಿಕೊಂಡಿತ್ತು. ಮೇಲೆ ಬಟ್ಟೆ ಕೂಡ ಹೊದಿಸಿರಲಿಲ್ಲ.

ಐರಿಸ್ ನೋಡಿದಳು. ಹೊರಡುವಾಗ ಜೆಮ್ಮಾ ಕೇಳಿದಳು. "ಹ್ಯೂ ಮಾಮನ್ನ ಏನು ಮಾಡ್ತೀರಾ?"

ಹ್ಯೂನ ಹೆಸರನ್ನು ಐರಿಸ್ ಇನ್ನೂ ಎತ್ತಿರಲಿಲ್ಲ.

* * *

ಚೌಕದ ಮೂಲೆಯಲ್ಲಿ ಫೋಸ್ಕಾಳ ಬಾರು. ಊರಿಗೆಲ್ಲ ಅದೇ ಹರಟೆಕಟ್ಟೆ. ಸಂಜೆಯ ಹೊತ್ತಿಗೆ ಅಲ್ಲಿ ತೀರ್ಪು ಹೊರಬಿದ್ದಾಗಿತ್ತು.

"ಇಂಗ್ಲಿಷಿನವನೇ ಕೊಂದಿದ್ದು, ಬೇಕಂತಲೇ," ಎಂದ ಒಬ್ಬ. "ನಿನ್ನೆ ಇಲ್ಲೇ ಕೂಗಾಡಿದ್ನಲ್ಲ."

"ಒರೆಸ್ತೆ ರಾಣೀನ ಮಾರ್ತೀನಿ ಅಂದ. ಸ್ವಿಸ್ ದೇಶದ ವ್ಯಾಪಾರಿ ಸೋಮವಾರ ಬರ್ತಾನೆ ಅಂದ. ಇವನು ಎದ್ದು ನಿಂತು, 'ಅದನ್ನ ಮಾರೋ ಮೊದ್ಲು ನಿನ್ನ ಹೆಣ ಬೀಳುತ್ತೆ' ಅಂದ. ನಾನೇ ಕೇಳಿದೀನಿ."

"ರಾಣಿ ಹೋದ್ರೆ ಪಾದ್ರಿ ಯಾರ ಜೊತೆ ಜಗಳ ಆಡ್ಬೇಕು? ಅದಕ್ಕೇ."

ಯಾರೂ ನಗಲಿಲ್ಲ. ಪ್ರತಿ ಭಾನುವಾರ ಇದೇ ಮೇಜಿನಲ್ಲಿ ಆ ಇಬ್ಬರ ವಾದ ನಡೆಯುತ್ತಿತ್ತು. ಏರಿನಲ್ಲಿ ರಾಣಿ ಹಾಡುತ್ತಾಳೆ ಎಂದು ಒರೆಸ್ತೆ. ಹಾಡುತ್ತಾ ಒಂದು ಬಾವಿ ಪೆಟ್ರೋಲು ಕುಡಿಯುತ್ತಾಳೆ ಎಂದು ಹ್ಯೂ. ನಿನ್ನ ಪಾದ್ರಿ ತಿರುವಿನಲ್ಲಿ ಮಂಚದ ಹಾಗೆ ವಾಲುತ್ತಾನೆ. ಆದರೆ ರೋಮಿಗೆ ಹೋಗಿ ಇಳಿದರೂ ನನ್ನ ಸೊಂಟ ನೋಯುವುದಿಲ್ಲ, ನಿನ್ನನ್ನು ಎತ್ತಿ ಇಳಿಸಬೇಕು. ಊರು ಎರಡು ಪಕ್ಷವಾಗಿ ಕೇಳುತ್ತಿತ್ತು. ವರ್ಷಕ್ಕೊಮ್ಮೆ ಊರ ಸಂತನ ಹಬ್ಬದ ದಿನ ಇಬ್ಬರೂ ಗುಡ್ಡದ ತುದಿಯ ಗುಡಿಯವರೆಗೆ ಪಂದ್ಯ ಕಟ್ಟಿ ಏರುತ್ತಿದ್ದರು. ಏರುವಾಗ ಅವರವರ ಕಾರು. ಇಳಿಯುವಾಗ ಅದಲುಬದಲು. ಇವನು ಅವನದರಲ್ಲಿ, ಅವನು ಇವನದರಲ್ಲಿ.

ತುಲ್ಲಿಯೊ ಫೋನು ಕಿವಿಯಿಂದ ಇಳಿಸಿ ಬಂದ.

"ಮೇಡಂ, ಎರಡು ಸುದ್ದಿ. ಆ ವ್ಯಾಪಾರಿ ತನ್ನೂರು ಬಿಟ್ಟು ಅಲ್ಲಾಡಿಲ್ಲ, ವಿಚಾರಿಸಿದೆ. ಆದ್ರೆ ಒರೆಸ್ತೆ ಇವತ್ತು ಬೆಳಿಗ್ಗೆ ಅವನಿಗೆ ಫೋನು ಮಾಡಿದ್ದನಂತೆ. ಬರಬೇಡಿ, ರಾಣಿಗೆ ಸಾರಥಿ ಸಿಕ್ಕಾಯ್ತು ಅಂದನಂತೆ."

"ಸಾರಥಿ?"

"ಅದೇ ಮಾತು."

"ಇನ್ನೊಂದು?"

"ಮೊದೆನಾದ ಸರ್ಕಾರಿ ವಕೀಲರು. ಜಗಳ ಇದೆ, ಬೆದರಿಕೆ ಇದೆ, ತಪ್ಪೊಪ್ಪಿಗೆ ಇದೆ. ಇದು ಅಪಘಾತ ಅಲ್ಲ ಕೊಲೆ ಅಂತಿದಾರೆ. ನಾಳೆ ಅವನನ್ನ ಜೈಲಿಗೆ ಕಳಿಸಿ ಅಂದ್ರು."

ಐರಿಸ್ ಲೋಟದಲ್ಲಿದ್ದ ಕಾಫಿ ನೋಡುತ್ತಾ ಕೂತಳು. ಆ ವಯಸ್ಸಿನಲ್ಲಿ ಜೈಲಿಗೆ ಹೋದರೆ ಹ್ಯೂ ಹಿಂತಿರುಗುವುದಿಲ್ಲ. ಗೆಳೆಯನನ್ನು ಕೊಂದವನೆಂದೇ ಸಾಯುತ್ತಾನೆ.

ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಫೋಸ್ಕಾ ಬಾರಿನ ಮರದ ಕಟ್ಟೆ ಒರೆಸುತ್ತಿದ್ದಳು. ಅವಳ ಗಂಡ ಪ್ರೀಮೊ ಬದುಕಿದ್ದಾಗ ಒರೆಸ್ತೆಯ ಜೊತೆಗೇ ದುಡಿದವನು. ಕಾರ್ಖಾನೆಯಿಂದ ಹೊರಬೀಳುವ ಹೊಸ ಕಾರುಗಳನ್ನು ಈ ಗುಡ್ಡದ ರಸ್ತೆಗಳಲ್ಲಿ ಓಡಿಸಿ ಪರೀಕ್ಷೆ ಮಾಡುವ ಕೆಲಸ ಇಬ್ಬರದೂ.

"ಫೋಸ್ಕಕ್ಕ, ಒಂದು ಕೇಳ್ಲಾ? ಎಂಜಿನ್ ಓಡ್ತಿರೋ ಕಾರಿನ ಮುಂದೆ ನಿಂತು ಒರೆಸ್ತೆ ಹೀಗ್ಯಾಕೆ ಮಾಡಿರ್ತಾರೆ?" ಐರಿಸ್ ಎರಡೂ ಅಂಗೈಗಳನ್ನು ಕಟ್ಟೆಯ ಮೇಲೆ ಒತ್ತಿ ಇಟ್ಟಳು.

ಫೋಸ್ಕಾಳ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಯಾರು ಹೇಳಿದ್ರು ನಿಂಗೆ ಇದನ್ನ?"

"ಯಾರೂ ಇಲ್ಲ. ಬಾನೆಟ್ಟಿನ ಮೇಲೆ ಗುರುತಿದೆ."

ಫೋಸ್ಕಾ ಸ್ಟೂಲು ಎಳೆದುಕೊಂಡು ಕೂತಳು. "ಅದು ಅವರ ಗರಡಿಯ ಪದ್ಧತಿ ಮಗಳೇ. ಹೊಸಬನ ಕೈಗೆ ಮೊದಲ ಸಲ ಕಾರು ಕೊಡುವಾಗ ಹಿರಿಯ ಮುಂದೆ ನಿಲ್ತಿದ್ದ. ಬಾನೆಟ್ಟಿನ ಮೇಲೆ ಎರಡು ಅಂಗೈ. ಎಂಜಿನ್ ಬಿಸಿಯಾಗಿ ನಡುಕ ನಿಲ್ಲೋ ತನಕ ಹಾಗೇ. ನಿನ್ನ ಕೈಗೆ ನನ್ನ ಜೀವ ಕೊಟ್ಟಿದೀನಿ ಅಂತ ಅದರ ಅರ್ಥ. ಆಮೇಲೆ ಎರಡೂ ಕೈ ಎತ್ತಿಬಿಡ್ತಿದ್ದ. ಎತ್ತಿದ ಅಂದ್ರೆ, ಇನ್ನು ಇದು ನಿಂದು, ಹೋಗು ಅಂತ. ಆಮೇಲೇ ಗೇರು ಹಾಕ್ಬೇಕು."

"ಹಿಂದಕ್ಕೆ ತೆಗೆಯುವಾಗ ಮುಂದೆ ನಿಂತ್ರೆ ಭಯ ಇಲ್ಲ ಅಂತ ಅಂದ್ಕೊಂಡಿರ್ತಾರೆ."

"ಅವರಿಗೆ ಆ ಕಾರು ಹಸುವಿದ್ದ ಹಾಗೆ. ಭಯ ಯಾಕೆ?"

"ಪ್ರತಿ ಸಲ ಹೀಗೆ ಮಾಡ್ತಿದ್ರಾ?"

"ಅಯ್ಯೋ, ಇಲ್ಲ! ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ."

"ಹ್ಯೂಗೆ?"

"ಅವನಿಗೆ ಯಾವ ಕಾಲದಲ್ಲೋ ಆಯ್ತು. ಇದೇ ಚೌಕದಲ್ಲಿ. ನನ್ನ ಪ್ರೀಮೊ ಚಪ್ಪಾಳೆ ಹೊಡೆದಿದ್ದ."

ಐರಿಸ್ ತನ್ನ ಅಂಗೈಗಳನ್ನು ನಿಧಾನವಾಗಿ ಕಟ್ಟೆಯಿಂದ ಎತ್ತಿದಳು. ಒದ್ದೆ ಹಲಗೆಯ ಮೇಲೆ ಗುರುತು ಉಳಿಯಿತು. ಜಾರಿರಲಿಲ್ಲ.

* * *

ಮರುದಿನ ಬೆಳಿಗ್ಗೆ ಹ್ಯೂನನ್ನು ಠಾಣೆಯಿಂದ ಕೊಟ್ಟಿಗೆಗೆ ಕರೆತಂದರು. ಗುರುತುಗಳ ಫೋಟೊ ತೆಗೆದಾಗಿತ್ತು.

"ರಾಣೀನ ಠಾಣೆಗೆ ಸಾಗಿಸ್ಬೇಕು," ಎಂದಳು ಐರಿಸ್. "ಈ ಊರಲ್ಲಿ ಅದನ್ನ ಓಡಿಸೋಕೆ ಬರೋದು ಈಗ ನಿಮಗೊಬ್ಬರಿಗೇ. ಹೊರಗೆ ತಂದು ಕೊಡಿ."

"ಮೇಡಂ, ನಾನಾ?" ಹ್ಯೂ ಒಂದು ಹೆಜ್ಜೆ ಹಿಂದೆ ಸರಿದ.

"ಮುಂದೆ ಯಾರೂ ಇಲ್ಲ. ನಾನು ಪಕ್ಕದಲ್ಲಿ ಕೂರ್ತೀನಿ."

ಅವನು ಬಾಗಿಲು ತೆಗೆದ. ಕೂರುವ ಮೊದಲೇ ಎಡಗೈ ಸೀಟಿನಡಿಗೆ ಹೋಯಿತು. ಸೀಟನ್ನು ಕೊನೆಯವರೆಗೆ ಹಿಂದಕ್ಕೆ ಸರಿಸಿ ಕಾಲು ಚಾಚಿಕೊಂಡ. ಕೀಲಿ ತಿರುಗಿಸಿದ. ರಾಣಿ ಕೆಮ್ಮಿ ಎಚ್ಚೆತ್ತಳು. ಅವನು ಕತ್ತು ಹೊರಳಿಸಿ ಹಿಂದಿನ ಗಾಜು ನೋಡುತ್ತಾ ಗೇರು ಹಾಕಿದ. ಎಡಕ್ಕೆ ತಳ್ಳಿ, ಮೇಲಕ್ಕೆ. ಕಾರು ಬೆಣ್ಣೆಯಂತೆ ಹಿಂದಕ್ಕೆ ಜಾರಿ ಬಿಸಿಲಿಗೆ ಬಂತು.

ಎಂಜಿನ್ ನಿಂತಿತು. ಹ್ಯೂ ತನ್ನ ಬಲಗೈಯನ್ನು ನೋಡಿಕೊಂಡ.

"ಬಾಯಿ ಸುಳ್ಳು ಹೇಳ್ತು," ಎಂದಳು ಐರಿಸ್. "ಕೈಗೆ ಸುಳ್ಳು ಬರಲ್ಲ. ವರ್ಷಾ ವರ್ಷಾ ಈ ಕಾರನ್ನ ಗುಡ್ಡದಿಂದ ಇಳಿಸಿದ ಕೈ ಅದು. ಫಸ್ಟ್ ಗೇರನ್ನ ರಿವರ್ಸು ಅಂದ್ಕೊಳ್ಳೋರು ಯಾರು? ನಿಮ್ಮ ಪಾದ್ರಿಯಲ್ಲಿ ಕಲಿತವರು. ಪಾದ್ರಿ ಬಿಟ್ಟು ಇನ್ನೊಂದು ಕಾರು ಮುಟ್ಟದವರು."

"ಮೇಡಂ, ಬೇಡ."

"ಜೆಮ್ಮಾಗೆ ಕಾರು ಕಲಿಸಿದ್ದು ನೀವಲ್ವಾ?"

ಮುದುಕ ಸ್ಟೇರಿಂಗಿಗೆ ಹಣೆ ಹಚ್ಚಿದ.

"ಒರೆಸ್ತೆ ಆ ಹುಡುಗೀನ ರಾಣಿಯ ಹತ್ತಿರ ಬಿಡ್ತಿರಲಿಲ್ಲ. ಹೆಣ್ಣುಮಕ್ಕಳ ಕೈಗೆ ಇದು ಹೇಳಿದ್ದಲ್ಲ ಅಂತಿದ್ದ. ಬಾಗಿಲ ಹತ್ತಿರ ನಿಂತು ನೋಡ್ತಾ ನೋಡ್ತಾ ದೊಡ್ಡವಳಾದ್ಲು. ನಂಗೆ ತಡೀಲಿಲ್ಲ. ನನ್ನದರಲ್ಲಿ ಕೂರಿಸ್ದೆ. ಮೊನ್ನೆ ಮಾರ್ತೀನಿ ಅಂದಾಗ ಕೂಗಾಡಿದೆ. ಮನೆಗೆ ಹೋಗೋ ದಾರೀಲೂ ಬಿಡ್ಲಿಲ್ಲ. ನಿಂಗೆ ಇರೋದು ಒಬ್ಬಳೇ ಮಗಳು ಕಣೋ ಕತ್ತೆ, ಅವಳಿಗೆ ಕೊಡು ಅಂದೆ. ಏನೂ ಹೇಳ್ದೆ ಹೋದ. ಬೆಳಿಗ್ಗೆ ಅವಳ ಕಿರುಚು ಕೇಳಿ ಓಡಿ ಬಂದೆ."

"ಮನೆಗೆ ಹೋಗು ಅಂದಿದ್ದು ನೀವೇ."

"ಬೀಚೆಗೆ ತಾಯಿ ಬಿಟ್ರೆ ಯಾರಿದಾರೆ? ಆ ಮಗು ಶಾಲೇಲಿ ಏನು ಅಂತ ಕೇಳಿಸ್ಕೋಬೇಕು? ನಂಗೆ ಹಿಂದಿಲ್ಲ ಮುಂದಿಲ್ಲ." ಅವನು ತಲೆ ಎತ್ತಿದ. "ಅದೂ ಅಲ್ದೆ ಮೇಡಂ, ಆ ಕೈಗೆ ಎಡಕ್ಕೆ, ಕೆಳಕ್ಕೆ ಅಂತ ಕಲಿಸಿದವನು ನಾನು. ಕೊಡು ಅಂತ ಪ್ರಾಣ ತಿಂದವನೂ ನಾನು. ನಾನೇ ಕೊಂದೆ ಅಂದಿದ್ದು ಸುಳ್ಳು ಹೇಗಾಗುತ್ತೆ?"

"ಆ ಬಟ್ಟೆ? ಬಾನೆಟ್ಟು ಒರೆಸೋಕೆ ತಗೊಂಡಿದ್ರಿ."

"ಹೌದು. ಆ ಗುರುತಿನ ಅರ್ಥ ಯಾರಾದ್ರೂ ತಿಳಿದವರು ನೋಡಿಬಿಟ್ರೆ ಅಂತ. ಆದ್ರೆ ಆಗ್ಲಿಲ್ಲ. ಅವನ ಕೈ ಅಲ್ವಾ ಅದು?"

* * *

ಜೆಮ್ಮಾ ಬಾಗಿಲು ತೆರೆದವಳು ಐರಿಸ್ ಮುಖ ನೋಡಿ ದಾರಿ ಬಿಟ್ಟಳು. ಹಲಗೆಯ ಮೇಲಿನ ಹಿಟ್ಟು ನಿನ್ನೆಯದೇ. ಬಿರಿದು ಚೂರು ಚೂರಾಗಿತ್ತು. ತೆಗೆದು ಬಿಸಾಡಲು ಅವಳ ಕೈ ಬಂದಿರಲಿಲ್ಲ.

ಇಬ್ಬರೂ ಎದುರು ಬದುರು ಕೂತರು.

"ಇದೇ ನಿನ್ನೆ ನಂಗೆ ಮೊದಲು ಹೇಳಿದ್ದು," ಐರಿಸ್ ಹಲಗೆ ತೋರಿಸಿದಳು. "ಲಟ್ಟಿಸಿದ ಹಿಟ್ಟನ್ನ ನಮ್ಮ ಕಡೆ ಯಾವ ಹೆಂಗಸೂ ಹಾಗೆ ಬಿಟ್ಟು ಕೂರಲ್ಲ. ಒಣಗೋ ಮೊದ್ಲು ಮಡಿಸಿಬಿಡ್ತಾಳೆ. ಇಲ್ಲ ಬಟ್ಟೆ ಹೊದಿಸ್ತಾಳೆ. ಮನೇಲೇ ಇದ್ದೆ ಅಂದೆ. ಮನೇಲಿದ್ದವಳ ಹಿಟ್ಟು ಒಣಗಲ್ಲ ಜೆಮ್ಮಾ. ಅರ್ಧದಲ್ಲಿ ಯಾರೋ ಕರೆದ್ರು. ಬಟ್ಟೆ ಹೊದಿಸೋಷ್ಟೂ ಪುರುಸೊತ್ತು ಕೊಡದ ಹಾಗೆ, ಖುಷಿಯಿಂದ ಕರೆದ್ರು."

ಜೆಮ್ಮಾ ಹಲಗೆಯಿಂದ ಮುಖ ತಿರುಗಿಸಿದಳು.

"ಸೀಟು ಮುಂದಕ್ಕಿತ್ತು. ಅಪ್ಪನದೂ ನಿನ್ನದೂ ಒಂದೇ ಎತ್ತರ. ರಾಣಿಗೆ ಸಾರಥಿ ಸಿಕ್ಕಾಯ್ತು ಅಂತ ಅಪ್ಪ ವ್ಯಾಪಾರಿಗೆ ಹೇಳಿದ್ರು. ಹ್ಯೂ ಹೊಸ ಸಾರಥಿ ಅಲ್ಲ. ಅವರಿಗೆ ಗೇರು ತಪ್ಪೋದೂ ಇಲ್ಲ, ಕಣ್ಣಾರೆ ನೋಡಿದೆ. ಮೊದಲ ಸಲ ಆ ಸೀಟಲ್ಲಿ ಕೂತವರು ಬೇರೆ."

"ನಾನು," ಎಂದಳು ಜೆಮ್ಮಾ. "ನಾನೇ."

ಆಮೇಲೆ ಕಟ್ಟೆ ಒಡೆಯಿತು.

"ಬಾಗಿಲಲ್ಲಿ ನಿಂತು, ಬಾ, ಬಾ, ಕೈ ತೊಳೀಬೇಡ, ಬಾ ಅಂದ್ರು. ಮಗು ಹಾಗೆ ನಗ್ತಿದ್ರು. ಕೂತ್ಕೋ ಅಂದ್ರು. ಶುರು ಮಾಡಿಸಿದ್ರು. ಆಮೇಲೆ ಅವರು ಮುಂದೆ ಹೋಗಿ ನಿಂತು ಬಾನೆಟ್ಟು ಒತ್ತಿ ಹಿಡ್ಕೊಂಡ್ರು. ಎರಡೂ ಕೈಯಲ್ಲಿ. ಕಾರು ಓಡಿಹೋಗ್ದ ಹಾಗೆ ಹಿಡಿಯೋ ಥರ. ಇನ್ನೂ ನನ್ನ ನಂಬ್ತಿಲ್ವಲ್ಲ ಅನ್ನಿಸ್ತು. ಸಿಟ್ಟು ಬಂತು. ತಲೆ ತಗ್ಗಿಸಿ ಗೇರು ನೋಡ್ದೆ. ಎಡಕ್ಕೆ, ಕೆಳಕ್ಕೆ..."

ಅವಳು ಬಾಯಿ ಮುಚ್ಚಿಕೊಂಡಳು. ಐರಿಸ್ ಕಾದಳು.

"ಹ್ಯೂ ಮಾಮನ್ನ ಬಿಟ್ಬಿಡಿ," ಕೊನೆಗೆ ಜೆಮ್ಮಾ ಹೇಳಿದಳು. "ನಿನ್ನೆಯಿಂದ ನಾನೇ ಠಾಣೆಗೆ ಬಂದು ಹೇಳ್ಬೇಕು ಅಂತ ಚಪ್ಪಲಿ ಹಾಕೋದು, ಬಾಗಿಲ ತನಕ ಬರೋದು, ವಾಪಸ್ ಕೂರೋದು. ಬೀಚೆ ಮುಖ ನೋಡಿದ್ರೆ ಕಾಲು ಬರ್ತಿರಲಿಲ್ಲ."

"ಇದು ಕೊಲೆ ಅಲ್ಲ. ಕೈತಪ್ಪು. ಹಾಗಂತಲೇ ಬರೀತೀನಿ, ವಕೀಲರ ಮುಂದೆ ನಾನೇ ನಿಂತು ಹೇಳ್ತೀನಿ. ನೀನು ಮಗು ಹತ್ರ ಇದ್ದುಕೊಂಡೇ ವಿಚಾರಣೆ ಆಗುತ್ತೆ. ಆದ್ರೆ ಸುಳ್ಳಿನ ಮೇಲೆ ಒಬ್ಬ ಮುದುಕನನ್ನ ಜೈಲಿಗೆ ಕಳಿಸಿ, ನೀನು ಆ ಮಗೂನ ಬೆಳೆಸೋಕಾಗಲ್ಲ."

"ಗೊತ್ತು." ಜೆಮ್ಮಾ ಕಣ್ಣೊರೆಸಿಕೊಂಡಳು. ಆದರೆ ಅವಳ ಮುಖದಲ್ಲಿ ಇನ್ನೂ ಒಂದು ಮುಳ್ಳು ಉಳಿದಿತ್ತು. "ಅಪ್ಪ ಕೊನೇವರೆಗೂ ನನ್ನ ತಡೀತಾನೇ ಇದ್ರಲ್ಲ ಮೇಡಂ. ತಡೀತಾ ತಡೀತಾನೇ ಹೋದ್ರು."

"ಅವರು ತಡೀತಿರಲಿಲ್ಲ ಜೆಮ್ಮಾ."

ಐರಿಸ್ ಗರಡಿಯ ಪದ್ಧತಿಯನ್ನು ಹೇಳಿದಳು. ಫೋಸ್ಕಾ ಹೇಳಿದ ಮಾತಿನಲ್ಲೇ ಹೇಳಿದಳು. ಹೊಸಬರಿಗೆ ಬದುಕಿನಲ್ಲಿ ಒಂದೇ ಸಲ. ನಿನ್ನ ಕೈಗೆ ನನ್ನ ಜೀವ. ಆಮೇಲೆ ಕೈ ಎತ್ತುವುದು, ಇನ್ನು ಇದು ನಿನ್ನದು ಎಂದು.

ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನೀನು ತಲೆ ತಗ್ಗಿಸಿ ಗೇರು ನೋಡ್ತಿದ್ದೆ. ನಿಂಗೆ ಕಾಣಲಿಲ್ಲ. ಮೇಣದ ಮೇಲೆ ಅವರ ಅಂಗೈ ಗುರುತಿದೆ. ಕೈ ಒತ್ತಿರುವಾಗ ಕಾರು ಹಾರಿದ್ರೆ ಅದು ಜಾರ್ತಿತ್ತು, ಕಲೆಸಿಹೋಗ್ತಿತ್ತು. ಒಂದು ಬೆರಳೂ ಜಾರಿಲ್ಲ. ಕಾರು ಅಲುಗೋ ಮೊದಲೇ ಅವರು ಕೈ ಎತ್ತಿಬಿಟ್ಟಿದ್ರು."

ಹೊರಗೆ ಬೀದಿಯಲ್ಲಿ ಬೀಚೆ ಯಾರನ್ನೋ ಕೂಗಿ ನಕ್ಕಳು. ಜೆಮ್ಮಾ ಅದನ್ನು ಕೇಳುತ್ತಾ, ಹಿಟ್ಟು ಒಣಗಿ ಅಂಟಿದ ತನ್ನ ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ನೋಡಿದಳು.

"ಎರಡೂ ಕೈನಾ ಮೇಡಂ?"

"ಎರಡೂ ಕೈ."